ಅಪ್ಪನ ಚೈನಿಗಿಂತ 3 ಅಡಿ ಗಿಡ್ಡ

ಹೆರಿಗೆ ವಾರ್ಡಿನ ನರ್ಸಿನ ಮೊಣಕೈ ಕೆಳಗೆ ಅಂಗೈಯಗಲದ ಕಲೆ. ನೇರಳೆ ಹಣ್ಣು ಹಿಂಡಿದಂಥ ಬಣ್ಣ. ಮಗಳ ನೋವು ಏರುತ್ತ ಇಳಿಯುತ್ತ ಇದ್ದ ಆ ರಾತ್ರಿಯೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಪಾಪ, ಗಂಡ ಹೊಡೆಯುತ್ತಾನೇನೋ ಎಂದುಕೊಂಡೆ. ಬೆಳಗಿನ ಜಾವ ಮೊಮ್ಮಗಳು ಹುಟ್ಟಿ, ಎಲ್ಲರೂ ಒಮ್ಮೆ ಉಸಿರು ಬಿಟ್ಟ ಮೇಲೆ ತಡೆಯಲಾರದೆ ಅಳಿಯನ ಕೈಲಿ ಕೇಳಿಸಿದೆ. ಆಕೆ ಗೋಡೆಗೆ ಒರಗಿ ನಕ್ಕಳು. ಗಂಡನಲ್ಲವಂತೆ, ಶನಿವಾರದ ಮ್ಯಾಚಂತೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡು, ಎದುರಿಗೆ ಬಂದವರನ್ನು ಕೆಡವಿಯೇ ಆಡುವ ಅಮೆರಿಕನ್ ಫುಟ್‌ಬಾಲ್. ಹೆಂಗಸರದೇ ತಂಡ. ಆಕೆಯ ನಂಬರು 64. "ಅಜ್ಜಿಯನ್ನೂ ಒಂದು ಶನಿವಾರ ಕರೆದುಕೊಂಡು ಬನ್ನಿ" ಎಂದು ಹೇಳಿ, ಮಗುವಿನ ತೂಕ ಬರೆದುಕೊಂಡು ಹೋದಳು.

ಬಾಣಂತನಕ್ಕೆಂದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದವಳು ನಾನು. ಮೆಂತ್ಯದ ಲೇಹ್ಯ, ಕೊಬ್ಬರಿ ಎಣ್ಣೆ, ಸಾಂಬ್ರಾಣಿ ಇವುಗಳ ನಡುವೆ ಫುಟ್‌ಬಾಲಿಗೆ ಜಾಗವಿರಲಿಲ್ಲ. ಆದರೆ ತಿಂಗಳು ಕಳೆದ ಮೇಲೆ ಮಗಳೇ, "ಅಮ್ಮಾ, ಒಂದು ಮೂರು ಗಂಟೆ ಹೋಗಿ ಬಾ, ನನಗೂ ಸ್ವಲ್ಪ ನಿದ್ದೆ ಬರಲಿ" ಎಂದು ಹೊರಡಿಸಿದಳು. ಲೇಹ್ಯದ ಡಬ್ಬಿಯಿಂದ ಅವಳಿಗೂ ಬಿಡುವು ಬೇಕಿತ್ತು ಅನ್ನಿಸುತ್ತದೆ.

ತಂಡದ ಹೆಸರು ಬರೆಯುವುದಿಲ್ಲ. ಅದರಲ್ಲಿ ಇಬ್ಬರು ಕೆಲಸದ ಜಾಗದಲ್ಲಿ ಹೇಳದೆ ಆಡುತ್ತಾರೆ. ಅವರ ಮಾತು ಉಳಿಸಬೇಕು. ಓಹಾಯೋ ಮತ್ತು ಅಕ್ಕಪಕ್ಕದ ರಾಜ್ಯಗಳ ತಂಡಗಳ ನಡುವೆ ನಡೆಯುವ ಸಣ್ಣ ಲೀಗು, ಬಾಡಿಗೆಗೆ ಹಿಡಿದ ಹೈಸ್ಕೂಲು ಮೈದಾನ, ಗೇಟಿನಲ್ಲಿ ಮಡಚುವ ಮೇಜು, ಅದರ ಮೇಲೆ ಬಿಸ್ಕತ್ತಿನ ಡಬ್ಬಿಯೇ ಗಲ್ಲಾಪೆಟ್ಟಿಗೆ. ಟಿಕೆಟ್ 10 ಡಾಲರ್. ನೋಡಲು ಬಂದಿದ್ದವರು ನೂರೈವತ್ತು ಮಂದಿ ಇದ್ದಾರು. ಅರ್ಧಕ್ಕರ್ಧ ಆಡುವವರ ನೆಂಟರು. ಒಬ್ಬ ಹುಡುಗ "ನಂ. 22 ನನ್ನಮ್ಮ" ಎಂದು ಬರೆದ ರಟ್ಟು ಹಿಡಿದು ಓಡಾಡುತ್ತಿದ್ದ.

ನಾನು ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗಳ ಸ್ಪೋರ್ಟ್ಸ್ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಶುರುವಾಗಲು ಹತ್ತು ನಿಮಿಷವಿದೆ ಅನ್ನುವಾಗ ತಂಡದ ಮ್ಯಾನೇಜರಮ್ಮ ಕೈಯಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಿಡಿದು ಜನರ ಮುಖ ನೋಡುತ್ತ ಬಂದರು. ಚೈನು ಹಿಡಿಯುವ ಮೂವರಲ್ಲಿ ಒಬ್ಬ ಬಂದಿಲ್ಲ, ಯಾರಾದರೂ ಬರುತ್ತೀರಾ? ಯಾರೂ ಏಳಲಿಲ್ಲ. ಅಳಿಯನಿಗೆ ಅದೇನು ಹೊಳೆಯಿತೋ, "ಅತ್ತೆ, ನಿಮ್ಮ ತಂದೆ ಸರ್ವೆಯವರಲ್ವಾ? ಹೋಗಿ" ಎಂದು ನನ್ನನ್ನು ಎಬ್ಬಿಸಿಯೇಬಿಟ್ಟ.

ಈ ಆಟದ ಮೂಲಪಾಠ ಟಿ.ವಿ. ಪುಣ್ಯದಿಂದ ನಿಮಗೂ ಗೊತ್ತಿರುತ್ತದೆ: ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನನಗೆ ಗೊತ್ತಿರದಿದ್ದದ್ದು ಆ 10 ಗಜ ಅಳೆಯುವ ರೀತಿ. ಎರಡು ಕೋಲು, ಅವುಗಳ ಬುಡಕ್ಕೆ ಕಟ್ಟಿದ 10 ಗಜದ ಕಬ್ಬಿಣದ ಸರಪಳಿ. ಮೈದಾನದ ಅಂಚಿನಲ್ಲಿ ಹಿಂದಿನ ಕೋಲು ಒಬ್ಬರು, ಮುಂದಿನ ಕೋಲು ಒಬ್ಬರು ಹಿಡಿದು ನಿಲ್ಲಬೇಕು. ಎಷ್ಟನೇ ಪ್ರಯತ್ನ ಎಂದು ತೋರಿಸುವ ನಂಬರಿನ ಕಂಬ ಮೂರನೆಯವರದು. ನನಗೆ ಸಿಕ್ಕಿದ್ದು ಹಿಂದಿನ ಕೋಲು. ಅಂಪೈರ್ ನನಗೆ ಮೂರೇ ಸೂಚನೆ ಕೊಟ್ಟರು. ನಾನು ಹಿಮ್ಮಡಿ ಊರಿದ ಕಡೆ ಕೋಲು ಊರಿ. ಆಟಗಾರ್ತಿಯರು ನಿಮ್ಮ ಕಡೆ ನುಗ್ಗಿ ಬಂದರೆ ಕೋಲು ಬಿಸಾಡಿ ಓಡಿ. ಚಪ್ಪಾಳೆ ತಟ್ಟಬೇಡಿ. ಚೈನು ಹಿಡಿದವರು ಯಾರ ಪಕ್ಷವನ್ನೂ ವಹಿಸುವಂತಿಲ್ಲವಂತೆ.

ಕೋಲು ಕೈಗೆ ಬಂದ ಕೂಡಲೇ ನನಗೆ ಅರಸೀಕೆರೆ ಸೀಮೆಯ ಹೊಲಗಳು ನೆನಪಾದವು. ಇನ್ನು ಎರಡು ಪ್ಯಾರಾ ಮ್ಯಾಚು ಇಲ್ಲ, ಅಳತೆಯ ಮಾತಷ್ಟೇ. ಅವಸರವಿದ್ದವರು ದಾಟಿಕೊಂಡು ಹೋಗಬಹುದು.

ಅಪ್ಪ ಮೋಜಣಿದಾರರು. ಬೇಸಿಗೆ ರಜದಲ್ಲಿ ನಾನೂ ತಮ್ಮನೂ ಅವರ ಹಿಂದೆ ಹೋಗುತ್ತಿದ್ದೆವು. ಅವರ ಚೈನು 33 ಅಡಿ, ಎರಡು ತುದಿಗೂ ಹಿತ್ತಾಳೆ ಹಿಡಿ, ಒಳಗೆ 16 ಆಣೆ. ಆ ಚೈನಿನ ಉದ್ದದ ಚಚ್ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಪಾದ್ರಿ 1620ರಲ್ಲಿ ಮಾಡಿದ 66 ಅಡಿಯ ಸರಪಳಿಯ ಅರ್ಧ ಇದು. ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ ಗಂಟರನ ಪೂರ್ತಿ ಸರಪಳಿ. ಗಂಟರನ ಹೆಸರಿನಿಂದಲೇ ಗುಂಟೆ ಬಂತು ಎಂದು ಅಪ್ಪ ಸಾಧಿಸುತ್ತಿದ್ದರು. ಹೊಲ ಹರಗುವ ಕುಂಟೆ ಅದಕ್ಕೂ ಮೊದಲೇ ನಮ್ಮಲ್ಲಿತ್ತಲ್ಲ, ಅದನ್ನು ಯಾವ ಪಾದ್ರಿ ತಂದ ಎಂದು ಅಮ್ಮ ಕೇಳುತ್ತಿದ್ದಳು. ನಾನು ಈಗಲೂ ಅಮ್ಮನ ಕಡೆ. ಓಹಾಯೋದ ಚೈನನ್ನು ಮನಸ್ಸಿನಲ್ಲೇ ಅಪ್ಪನ ಚೈನಿನ ಪಕ್ಕ ಹಾಸಿದೆ: 10 ಗಜ ಎಂದರೆ 30 ಅಡಿ. ಮೂರಡಿ ಗಿಡ್ಡ. ಅಂದರೆ ಈ ಹೆಂಗಸರು ನಾಲ್ಕು ಸಲ ತಲೆ ಒಡೆದುಕೊಂಡು ದಾಟುವುದು ಒಂದು ಗುಂಟೆಯ ಒಂದು ಮಗ್ಗುಲಿಗೂ ಕಡಿಮೆ. ಆಟ ನಿಂತಾಗ ಇಡೀ ಮೈದಾನವನ್ನೂ ಲೆಕ್ಕ ಹಾಕಿದೆ. ಎರಡು ಕಡೆಯ ಗೋಲಿನ ಪಟ್ಟಿಯೂ ಸೇರಿ 360 ಅಡಿ ಉದ್ದ, 160 ಅಡಿ ಅಗಲ. ಒಂದು ಎಕರೆ 13 ಗುಂಟೆಗೆ ಕೂದಲೆಳೆ ಕಡಿಮೆ. ನಮ್ಮ ಕಡೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆಯಲು ಇಷ್ಟು ಜಮೀನು ಧಾರಾಳ.

ಈ ಆಟದ ಅಳತೆಯಲ್ಲೊಂದು ವಿಚಿತ್ರವಿದೆ, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ಓಡುವವಳು ಬಿದ್ದಾಗ ಅವಳ ಮೇಲೆ ಏಳೆಂಟು ಜನ. ಆ ರಾಶಿಯ ಕೆಳಗೆ ಚೆಂಡು ಎಲ್ಲಿ ನಿಂತಿತು ಎಂಬುದನ್ನು ಅಂಪೈರ್ ಬರಿಗಣ್ಣಲ್ಲಿ ಅಂದಾಜು ಮಾಡುತ್ತಾನೆ. ಒಂದು ಮೊಳ ಆಚೀಚೆಯಾದರೂ ಕೇಳುವವರಿಲ್ಲ. ಆದರೆ ಅನುಮಾನ ಬಂದಾಗ ಅದೇ ಅಂದಾಜಿನ ಚೆಂಡಿಗೆ ಚೈನು ತಂದು, ಬಿಗಿಯಾಗಿ ಎಳೆದು, ಬೆರಳಿನ ಲೆಕ್ಕದಲ್ಲಿ ಅಳೆಯುತ್ತಾರೆ! ಬಾಂದು ಕಲ್ಲನ್ನು ಅಂದಾಜಿನಲ್ಲಿ ನೆಟ್ಟು, ಆಮೇಲೆ ಹೊಲವನ್ನು ಆಣೆ ಆಣೆಯಾಗಿ ಅಳೆದ ಹಾಗೆ. ಅಪ್ಪ ಇದ್ದಿದ್ದರೆ ಮೇಲಧಿಕಾರಿಗೆ ಅರ್ಜಿ ಬರೆಯುತ್ತಿದ್ದರು. ಮೊದಲು ಈ 10 ಗಜದ ನಿಯಮ ಮೂರು ಪ್ರಯತ್ನಕ್ಕೆ 5 ಗಜ ಎಂದಿತ್ತು, ವಾಲ್ಟರ್ ಕ್ಯಾಂಪ್ ಎಂಬಾತನ ಸಲಹೆ, 1882ರಲ್ಲಿ. ಅಳತೆ ಕಾಣಲೆಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆದದ್ದೂ ಆಗಲೇ. ಗುದ್ದಾಟದಲ್ಲಿ ಹುಡುಗರು ಸಾಯತೊಡಗಿ, 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಬುದ್ಧಿ ಹೇಳಿದ ಮೇಲೆ 10 ಗಜವಾಯಿತು. ನಾಲ್ಕನೆಯ ಪ್ರಯತ್ನ ಸೇರಿದ್ದು 1912ರಲ್ಲಿ. ಗಂಡಸರ ವೃತ್ತಿಪರ ಲೀಗು, ದುಡ್ಡಿರುವ ಎನ್‌ಎಫ್‌ಎಲ್, 2025ರ ಸೀಸನ್ನಿನಿಂದ ಅಳತೆಯನ್ನು ಕ್ಯಾಮೆರಾಗಳಿಗೆ ವಹಿಸಿದೆ, ಚೈನು ಆಪತ್ಕಾಲಕ್ಕೆ ಮಾತ್ರ. ನಮ್ಮ ಸರ್ವೆ ಇಲಾಖೆಗೂ ಡ್ರೋನು, ರೋವರ್ ಬಂದಿವೆ. ಹೈಸ್ಕೂಲು ಮೈದಾನದ ಹೆಂಗಸರಿಗೆ ಇನ್ನೂ ಚೈನೇ ಗತಿ, ನನ್ನಂಥ ಬಾಂದು ಜವಾನರೇ ಗತಿ.

ಮ್ಯಾಚು ಶುರುವಾಯಿತು. ಟಿ.ವಿ.ಯಲ್ಲಿ ಕೇಳಿಸದ ಒಂದು ಸದ್ದಿದೆ: ಪ್ಯಾಡಿಗೆ ಪ್ಯಾಡು ತಾಕಿದ್ದು. ಒಣಗಿದ ತೆಂಗಿನಗರಿ ಮರದಿಂದ ಕಳಚಿ ಬಿದ್ದ ಹಾಗೆ. ಮೊದಲ ನಾಲ್ಕೈದು ಸಲ ನಾನು ಕಣ್ಣು ಮುಚ್ಚಿಕೊಂಡೆ. ಬಿದ್ದವರು ಒಬ್ಬರನ್ನೊಬ್ಬರು ಕೈ ಹಿಡಿದು ಎಬ್ಬಿಸಿ, ಗಲ್ಲಕ್ಕೆ ಅಂಟಿದ ಹುಲ್ಲು ಒರೆಸಿಕೊಂಡು ಮತ್ತೆ ನಿಲ್ಲುವುದನ್ನು ಕಂಡ ಮೇಲೆ ಧೈರ್ಯ ಬಂತು. ನಮ್ಮ 64 ಆಡುವುದು ಗಾರ್ಡ್ ಜಾಗದಲ್ಲಿ. ಇಡೀ ಸಂಜೆ ಅವಳ ಕೈಗೆ ಚೆಂಡು ಸಿಗಲಿಲ್ಲ. ಗಾರ್ಡ್‌ಗೆ ಸಿಗುವುದೂ ಇಲ್ಲ. ಎದುರಿಗೆ ನಿಂತವಳನ್ನು ಪಕ್ಕಕ್ಕೆ ತಳ್ಳಿ ಕಿಂಡಿ ಮಾಡಿಕೊಡುವುದು, ಅದರೊಳಗೆ ಇನ್ನೊಬ್ಬಳು ಓಡಿ ಹೆಸರು ಮಾಡುವುದು. 64 ಪಕ್ಕದವಳಿಗೆ "ಪುಷ್, ಪುಷ್" ಎಂದು ಕೂಗುವುದು ನನ್ನ ತನಕ ಕೇಳಿಸುತ್ತಿತ್ತು. ಒಂದು ತಿಂಗಳ ಹಿಂದೆ ಇದೇ ದನಿಯಲ್ಲಿ, ಇದೇ ಮಾತನ್ನು ನನ್ನ ಮಗಳಿಗೆ ಹೇಳಿದ್ದಳು. ನಗು ತಡೆಯಲಾಗಲಿಲ್ಲ. ಮುಂದಿನ ಕೋಲಿನವರು, ಯಾರೋ ಆಟಗಾರ್ತಿಯ ಮಾವನಂತೆ, ಪಕ್ಷ ವಹಿಸಬೇಡಿ ಎನ್ನುವಂತೆ ನನ್ನತ್ತ ನೋಡಿದರು.

ಎರಡನೆಯ ಕ್ವಾರ್ಟರಿನಲ್ಲಿ ಎದುರು ತಂಡದ ಹುಡುಗಿಯೊಬ್ಬಳು ಚೆಂಡು ಕಂಕುಳಲ್ಲಿ ಇರುಕಿಕೊಂಡು ನಮ್ಮ ಅಂಚಿಗೇ ಬಂದಳು, ಹಿಂದೆ ಮೂವರು. ಬಿಸಾಡಿ ಓಡಿ ಎಂದದ್ದು ನೆನಪಿತ್ತು; ಬಿಸಾಡಿದೆ. ಓಡಲು ಸೀರೆ ಬಿಡಬೇಕಲ್ಲ. ನಾಲ್ವರೂ ನನ್ನಿಂದ ಎರಡು ಮಾರು ದೂರದಲ್ಲಿ ದೊಪ್ಪನೆ ಬಿದ್ದರು. ಅಡಿಯಲ್ಲಿದ್ದವಳು ಹೆಲ್ಮೆಟ್ಟಿನ ಕಂಬಿಯೊಳಗಿಂದ ನನ್ನನ್ನು ನೋಡಿ, "ನಿಮಗೇನೂ ಆಗಲಿಲ್ಲವಷ್ಟೇ, ಮೇಡಂ?" ಎಂದು ಕೇಳಿದಳು. ಅವಳ ಮೂಗಿನಿಂದ ರಕ್ತ ಬರುತ್ತಿತ್ತು.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಮರುವಾರ ಅಳಿಯನ ಕಾರ್ಡಿನಲ್ಲಿ ಕೊಲಂಬಸ್ ಲೈಬ್ರರಿಗೆ ಹೋಗಿ ಹಳೆಯದನ್ನೆಲ್ಲ ಕೆದಕಿದೆ. ಹೆಂಗಸರ ಈ ಫುಟ್‌ಬಾಲ್ ಹುಚ್ಚು ನಿನ್ನೆ ಮೊನ್ನೆಯದಲ್ಲ, ಮತ್ತು ಅದರ ತವರು ಓಹಾಯೋ. ಗಂಡಸರ ಎನ್‌ಎಫ್‌ಎಲ್ ಕೂಡ 1920ರಲ್ಲಿ ಇಲ್ಲಿಯದೇ ಕ್ಯಾಂಟನ್ ಊರಿನ ಕಾರು ಶೋರೂಮೊಂದರಲ್ಲಿ ಹುಟ್ಟಿತು. 1967ರಲ್ಲಿ ಕ್ಲೀವ್‌ಲ್ಯಾಂಡ್‌ನ ಸಿಡ್ ಫ್ರೀಡ್‌ಮನ್ ಎಂಬ ಮನರಂಜನಾ ಏಜೆಂಟ್ ಹೆಂಗಸರ ತಂಡ ಕಟ್ಟಿದ. ಕ್ರೀಡೆಯ ಪ್ರೀತಿಯಿಂದಲ್ಲ, ಸರ್ಕಸ್ಸಿನ ಹಾಗೆ ಊರೂರಲ್ಲಿ ಆಡಿಸಿ ಟಿಕೆಟ್ ಮಾರುವ ಲೆಕ್ಕ. ಜನ ನಗಲು ಬರುತ್ತಾರೆ ಎಂದು ಅವನು ಎಣಿಸಿದ್ದ, ಹೆಂಗಸರು ಆಡಲು ಬಂದರು.

1971ರಲ್ಲಿ ಟೊಲೀಡೋದಲ್ಲಿ ಟ್ರೂಪರ್ಸ್ ಎಂಬ ತಂಡ ಹುಟ್ಟಿತು. ಟೊಲೀಡೋ ನಮಗೆ ಪರಕೀಯವೇನಲ್ಲ: ಮಲೆನಾಡಿನ ಕಾಫಿ ತೋಟಗಳಲ್ಲಿ ಈಗಲೂ ಕೆಮ್ಮುತ್ತ ಓಡುವ ಹಳೆ ವಿಲ್ಲೀಸ್ ಜೀಪಿನ ತವರು ಅದು. ಅಲ್ಲಿನ ಕೋಚ್ ಬಿಲ್ ಸ್ಟೌಟ್ ಸರ್ಕಸ್ಸು ಆಡಿಸಲು ಒಪ್ಪದೆ, ಗಂಡಸರಿಗೆ ಕಲಿಸುವುದನ್ನೇ ಇವರಿಗೂ ಕಲಿಸಿದ. ಮೊದಲ ಐದು ಸೀಸನ್ ತಂಡ ಸೋಲಲೇ ಇಲ್ಲ. ಅವರಲ್ಲಿ ಲಿಂಡಾ ಜೆಫರ್ಸನ್ ಎಂಬ ಕಪ್ಪು ಹುಡುಗಿ. ಐದಡಿ ನಾಲ್ಕಂಗುಲದ ಆಳು, ಸಿಕ್ಕರೆ ತಾನೆ ಹಿಡಿಯುವುದು. ಸತತ ಐದು ಸೀಸನ್, ಪ್ರತಿ ಸಲವೂ ಚೆಂಡು ಹಿಡಿದು ಸಾವಿರ ಗಜಕ್ಕೆ ಮೇಲೆ ಓಡಿದಳು. ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ನಡೆಸುತ್ತಿದ್ದ 'ವಿಮೆನ್‌ಸ್ಪೋರ್ಟ್ಸ್' ಪತ್ರಿಕೆ 1975ರಲ್ಲಿ ವರ್ಷದ ಕ್ರೀಡಾಪಟು ಎಂದು ಆರಿಸಿದ್ದು ಟೆನಿಸ್ ರಾಣಿಯರನ್ನಲ್ಲ, ಇವಳನ್ನು. 1983ರಲ್ಲಿ ಕ್ಯಾಂಟನ್‌ನ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸಂಗ್ರಹಾಲಯ ಟ್ರೂಪರ್ಸನ್ನು ವೃತ್ತಿಪರ ಫುಟ್‌ಬಾಲಿನಲ್ಲೇ ಅತಿ ಹೆಚ್ಚು ಗೆದ್ದ ತಂಡ ಎಂದು ಮೆಚ್ಚಿತು. ನಾನು ಇಷ್ಟಕ್ಕೆಲ್ಲ ಉಬ್ಬುವವಳಲ್ಲ. ಎದುರಾಳಿಗಳಲ್ಲಿ ಎಷ್ಟೋ ಮಂದಿ ಆಗ ತಾನೇ ಹೆಲ್ಮೆಟ್ಟಿನ ಪಟ್ಟಿ ಕಟ್ಟಲು ಕಲಿತವರು. 'ವೃತ್ತಿಪರ' ಎಂಬುದೂ ದೊಡ್ಡ ಮಾತು: ಪಂದ್ಯಕ್ಕೆ 25 ಡಾಲರ್ ಎಂಬ ಕರಾರು, ಅದೂ ಎಲ್ಲ ಸಲ ಕೈ ಸೇರುತ್ತಿರಲಿಲ್ಲ.

1974ರಲ್ಲಿ ಏಳು ತಂಡ ಕೂಡಿ ರಾಷ್ಟ್ರೀಯ ಮಹಿಳಾ ಲೀಗ್ ಆಯಿತು. ಆ ತಂಡಗಳ ಹೆಸರು ನೋಡಬೇಕು. ಡಾಲಸ್‌ನವರು ಬ್ಲೂಬಾನೆಟ್ಸ್, ಲಾಸ್ ಏಂಜಲೀಸ್‌ನವರು ಡ್ಯಾಂಡಿಲಯನ್ಸ್, ಎರಡೂ ಹೂವು. ಡೆಟ್ರಾಯಿಟ್‌ನವರು ಮಾತ್ರ ದೆವ್ವ, ಡೀಮನ್ಸ್. ಆಮೇಲೆ ಸೇರಿದ ಹ್ಯೂಸ್ಟನ್‌ನವರು ಹರಿಕೇನ್‌ನ ಕಾಗುಣಿತವನ್ನೇ ತಿರುಚಿ, ಇಂಗ್ಲಿಷಿನ 'ಹರ್' (ಅವಳ) ಸೇರಿಸಿ, ಚಂಡಮಾರುತವನ್ನು ಹೆಣ್ಣು ಮಾಡಿಕೊಂಡರು. ಇನ್ನೊಂದು ಹೊಸ ತಂಡ ಓಕ್ಲಹೋಮಾ ಸಿಟಿ ಡಾಲ್ಸ್, ಬೊಂಬೆಗಳು. 1976ರಲ್ಲಿ ಟ್ರೂಪರ್ಸಿಗೆ ಮೊದಲ ಸೋಲು ತೋರಿಸಿದ್ದು ಆ ಬೊಂಬೆಗಳೇ. ಐದು ವರ್ಷ ಗೆದ್ದವರ ಬಗ್ಗೆ ಆಗ ಸಿನಿಮಾ ಬರಲಿಲ್ಲ. 1981ರಲ್ಲಿ ಎಬಿಸಿ ಟಿ.ವಿ.ಯಲ್ಲಿ ಬಂದ ಚಿತ್ರದ ಹೆಸರು 'ದಿ ಓಕ್ಲಹೋಮಾ ಸಿಟಿ ಡಾಲ್ಸ್'. ಕಾರ್ಖಾನೆ ಹೆಂಗಸರು ತಂಡ ಕಟ್ಟುವ ಕತೆ. ಹೆಸರಿನಲ್ಲಿ ಬೊಂಬೆ ಇದ್ದರೆ ಸಿನಿಮಾದವರಿಗೆ ಅರ್ಥವಾಗುತ್ತದೆ. ಟ್ರೂಪರ್ಸ್ 1979ರಲ್ಲಿ ಮುಚ್ಚಿತು. ನಮ್ಮ ಕೊಲಂಬಸ್‌ನ ಪೇಸ್‌ಸೆಟರ್ಸ್ (ನೋಡಿ, ಎರಡು ತಿಂಗಳಿಗೆ 'ನಮ್ಮ' ಆಗಿಬಿಟ್ಟಿದೆ) 1988ರವರೆಗೆ ತೆವಳಿಕೊಂಡು ಉಳಿಯಿತು.

ಇವು ಯಾಕೆ ಮುಚ್ಚಿದವು? ಜನ ಬರಲಿಲ್ಲ, ಟಿ.ವಿ. ಬರಲಿಲ್ಲ, ಬಸ್ಸಿನ ಬಾಡಿಗೆಗೆ ದುಡ್ಡಿರಲಿಲ್ಲ. ಕಾರಣಗಳು ಇವೇ, ಬೇರೆ ದೊಡ್ಡದೇನಿಲ್ಲ. ಈಗಿನ ಪರಿಸ್ಥಿತಿ ಒಂದು ಲೆಕ್ಕದಲ್ಲಿ ಇನ್ನೂ ತಮಾಷೆ: ಅಂದಿನವರಿಗೆ 25 ಡಾಲರ್ ಕೊಡುವುದಾಗಿ ಹೇಳುತ್ತಿದ್ದರು, ಇಂದಿನವರು ತಾವೇ ದುಡ್ಡು ಕಟ್ಟಿ ಆಡುತ್ತಾರೆ. ಸೀಸನ್ನಿನ ಶುಲ್ಕ, ಹೆಲ್ಮೆಟ್, ಪ್ಯಾಡು, ಹೊರ ಊರಿನ ಪೆಟ್ರೋಲು ಎಲ್ಲ ಕೈಯಿಂದಲೇ. 64 ರಾತ್ರಿ ಪಾಳಿ ಜಾಸ್ತಿ ಮಾಡಿ ಹೊಂದಿಸುತ್ತಾಳೆ. 2009ರಲ್ಲಿ ಶುರುವಾದ ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್ ದೇಶದಾದ್ಯಂತ ಹತ್ತಿರ ಹತ್ತಿರ ಅರವತ್ತು ತಂಡಗಳ ದೊಡ್ಡ ಲೀಗು. ಅಲ್ಲಿಯೂ ಆಟಗಾರ್ತಿಯರಿಗೆ ಸಂಬಳವೇ ಇಲ್ಲ. ಅದರ ಬಾಸ್ಟನ್ ರೆನಗೇಡ್ಸ್ ತಂಡ 2021ರ ಫೈನಲ್‌ಗೆ ಕ್ಯಾಂಟನ್‌ಗೆ ಹೊರಟಾಗ ಎನ್‌ಎಫ್‌ಎಲ್‌ನ ಪೇಟ್ರಿಯಟ್ಸ್ ಮಾಲೀಕರು ತಮ್ಮ ವಿಮಾನ ಕೊಟ್ಟರು. ರೆನಗೇಡ್ಸ್ ಮಿನೆಸೋಟ ವಿಕ್ಸನ್ ತಂಡವನ್ನು 42-26ರಿಂದ ಸೋಲಿಸಿತು. ಒಮ್ಮೆ ವಿಮಾನ ಕೊಟ್ಟದ್ದೇ ಅಷ್ಟು ದೊಡ್ಡ ಸುದ್ದಿಯಾಯಿತೆಂದರೆ ಉಳಿದ ದಿನಗಳ ಗತಿ ನೀವೇ ಊಹಿಸಿಕೊಳ್ಳಿ. ಅದೇ 2009ರಲ್ಲಿ ಶುರುವಾದ ಇನ್ನೊಂದು ಲೀಗು ಹೆಂಗಸರನ್ನು ಒಳಉಡುಪಿನಲ್ಲಿ ಆಡಿಸಿತು. ಫ್ರೀಡ್‌ಮನ್‌ನ ವಂಶ ನಿಂತಿಲ್ಲ.

ಒಲಿಂಪಿಕ್ಸ್ ಬಾಗಿಲು ತೆರೆದಿದೆ ಎಂದು ಅಳಿಯ ಉತ್ಸಾಹದಿಂದ ಹೇಳಿದ. ನಿಜ, ಅದೂ ನಮ್ಮ ಮುಂಬೈಯಲ್ಲೇ. 2023ರ ಅಕ್ಟೋಬರಿನಲ್ಲಿ ಅಲ್ಲಿ ಕೂಡಿದ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿತು, ಅದೇ ಉಸಿರಿನಲ್ಲಿ ಫ್ಲ್ಯಾಗ್ ಫುಟ್‌ಬಾಲನ್ನೂ ಸೇರಿಸಿತು. ಕ್ರಿಕೆಟ್ಟಿನ ಗದ್ದಲದಲ್ಲಿ ನಾವು ಅದನ್ನು ಗಮನಿಸಲಿಲ್ಲ. ಆದರೆ ಫ್ಲ್ಯಾಗಿನಲ್ಲಿ ಐದೈದೇ ಜನ. ಕೆಡವುವ ಬದಲು ಸೊಂಟದ ಪಟ್ಟಿಯಿಂದ ಬಟ್ಟೆ ಚೂರು ಎಳೆಯುವುದು. ಅಡ್ಡ ನಿಂತು ತಳ್ಳುವುದೇ ಇಲ್ಲ. ಹೊಡೆತ ತಪ್ಪುತ್ತದೆ, ತಲೆಗೆ ಪೆಟ್ಟು ಬೀಳುವುದಿಲ್ಲ, ತಾಯಿಯಾಗಿ ನನಗೆ ಅದು ಒಪ್ಪಿಗೆ. ಆದರೆ ಆ ಆಟದಲ್ಲಿ ಗಾರ್ಡ್ ಎಂಬ ಜಾಗವೇ ಇಲ್ಲ. 64ಕ್ಕೆ ಅಲ್ಲಿ ಕೆಲಸವಿಲ್ಲ. ಅವಳ ತೂಕಕ್ಕೆ, ತೋಳಿಗೆ, ಆ "ಪುಷ್"ಗೆ ಬೆಲೆ ಇರುವುದು ಈ ಒಂದು ಎಕರೆ 13 ಗುಂಟೆಯಲ್ಲಿ ಮಾತ್ರ. ದಪ್ಪಗಿರುವ ಹುಡುಗಿಗೆ ನೀನೇ ಬೇಕು ಎನ್ನುವ ಆಟಗಳು ಪ್ರಪಂಚದಲ್ಲಿ ಎಷ್ಟಿವೆ?

ಮತ್ತೆ ಮೈದಾನಕ್ಕೆ. ಕೊನೆಯ ಕ್ವಾರ್ಟರು, ಎರಡು ನಿಮಿಷ ಬಾಕಿ. ಎದುರಾಳಿ 14, ನಮ್ಮವರು 12. ನಮ್ಮವರ ನಾಲ್ಕನೇ ಪ್ರಯತ್ನ, ಬೇಕಾದದ್ದು ಒಂದು ಗಜ. ಎಲ್ಲರೂ ಒಟ್ಟಿಗೆ ನುಗ್ಗಿ ರಾಶಿ ಬಿದ್ದರು. ಅಂಪೈರ್ ಓಡಿ ಬಂದು, ರಾಶಿ ಬಿಡಿಸಿ, ತನ್ನ ಅಂದಾಜಿನ ಜಾಗದಲ್ಲಿ ಚೆಂಡಿಟ್ಟ. ಆಮೇಲೆ ನಮ್ಮತ್ತ ಕೈ ಬೀಸಿದ: ಚೈನು ತನ್ನಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನದ ನಡುವಿಗೆ ನಡೆದೆ. ಚೈನಿನ ಮೇಲೆ ಒಂದು ಕ್ಲಿಪ್ಪು ಇರುತ್ತದೆ; ಅಂಚಿನಲ್ಲಿರುವಾಗಲೇ ಅದನ್ನು ಹತ್ತಿರದ ಸುಣ್ಣದ ಗೆರೆಗೆ ಸರಿಯಾಗಿ ಸಿಕ್ಕಿಸಿರುತ್ತಾರೆ, ಒಳಗೆ ತಂದಾಗ ಅದೇ ಗೆರೆಯ ಮೇಲೆ ಕ್ಲಿಪ್ಪು ಒತ್ತಿ ಹಿಡಿದರೆ ಅಳತೆ ತಪ್ಪುವುದಿಲ್ಲ. ಎಂಥ ಜಾಣತನ! ಅಪ್ಪನಿಗೆ ತೋರಿಸಬೇಕಿತ್ತು. ಇಪ್ಪತ್ತೆರಡು ಹೆಂಗಸರು ಸುತ್ತ ನಿಂತರು, ಒಬ್ಬರದೂ ಉಸಿರಿಲ್ಲ. ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಅಪ್ಪನ ಚೈನನ್ನು ಹೀಗೆಯೇ ನೋಡುತ್ತಿದ್ದರು, ಕಬ್ಬಿಣವೇ ಬಾಯಿ ಬಿಟ್ಟು ತೀರ್ಪು ಹೇಳುತ್ತದೆ ಎನ್ನುವ ಹಾಗೆ. ಮುಂದಿನ ಕೋಲಿನ ಮಾವ ಚೈನು ಬಿಗಿಯಾಗಿ ಎಳೆದರು. ಚೆಂಡಿನ ಮೂತಿಗೂ ಕೋಲಿಗೂ ನಡುವೆ ನಾಲ್ಕು ಬೆರಳು ಜಾಗ.

ಚೆಂಡು ಎದುರಾಳಿಗೆ ಹೋಯಿತು, ಆಟ ಅಲ್ಲಿಗೇ ಮುಗಿಯಿತು. ಎರಡು ತಂಡದವರೂ ಸಾಲಾಗಿ ನಿಂತು ಕೈ ತಟ್ಟಿಕೊಂಡರು. 64 ಹೆಲ್ಮೆಟ್ ತೆಗೆದು ನನ್ನ ಹತ್ತಿರ ಬಂದಳು, ಕೂದಲೆಲ್ಲ ಹಣೆಗೆ ಅಂಟಿತ್ತು. ಮೊದಲು ಮಗುವಿನ ಕಾಮಾಲೆ ಇಳಿಯಿತೇ ಎಂದು ಕೇಳಿದಳು. ಆಮೇಲೆ ಚೈನಿನ ಮಾತು. ನಮ್ಮಪ್ಪನ ಚೈನು ಇದಕ್ಕಿಂತ 3 ಅಡಿ ಉದ್ದ ಎಂದು ಅಳಿಯನ ಮೂಲಕ ಹೇಳಿಸಿದೆ. ಒಂದು ಗಳಿಗೆ ಲೆಕ್ಕ ಹಾಕಿ ಅಂದಳು: "ಹಾಗಾದರೆ ಅದನ್ನು ಇಲ್ಲಿಗೆ ತರಬೇಡಿ. ಗಿಡ್ಡದರಲ್ಲೇ ನಾಲ್ಕು ಬೆರಳು ಕಡಿಮೆ ಬಿತ್ತು."

ಬಾಣಂತನಕ್ಕೋ ಮಕ್ಕಳನ್ನು ನೋಡಲೋ ಈ ಕಡೆ ಬರುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಈ ಆಟದ ಕಾಲ ಏಪ್ರಿಲ್‌ನಿಂದ ಜೂನ್. ಹತ್ತಿರದ ಹೈಸ್ಕೂಲು ಮೈದಾನದಲ್ಲಿ ಶನಿವಾರ ಸಂಜೆ ಹೆಂಗಸರ ಮ್ಯಾಚು ಇದೆಯೇ ಎಂದು ವಿಚಾರಿಸಿ, ಇದ್ದರೆ ಹತ್ತು ನಿಮಿಷ ಮೊದಲೇ ಹೋಗಿ. ಚೈನು ಹಿಡಿಯಲು ಒಬ್ಬರು ಕಡಿಮೆ ಇದ್ದೇ ಇರುತ್ತಾರೆ. ಸೀರೆ ಮಾತ್ರ ಬೇಡ.